ತೆರೇಸಮ್ಮನ ಬೀಜ, ಅಪ್ಪನ ಹಿತ್ತಲು

ಇಟಲಿಗೆ ಹೋಗಿ ಬಂದೆ ಎಂದರೆ ನಮ್ಮ ಕುದೂರಿನಲ್ಲಿ ಎಲ್ಲರೂ ಮೊದಲು ಕೇಳುವುದು, ‘ವಾಲ್ಕೊಂಡಿರೋ ಗೋಪುರ ನೋಡಿದ್ರಾ ಮಿಸ್?’ ಎಂದು. ನೋಡಲಿಲ್ಲ. ರೋಮ್ ನೋಡಲಿಲ್ಲ, ನೀರಿನ ಮೇಲೆ ಕಟ್ಟಿದ ಊರನ್ನೂ ನೋಡಲಿಲ್ಲ. ಬೇಸಿಗೆ ರಜೆಯ ಮೂರು ವಾರವನ್ನು ನಾನು ಕಳೆದದ್ದು ಒಂದು ಬೆಟ್ಟದೂರಿನ ಹಿತ್ತಲಿನಲ್ಲಿ, ಸೊಪ್ಪಿನ ಪಾತಿಗಳ ನಡುವೆ, ಸೀರೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು. ಹೇಳುವುದಕ್ಕೆ ನನ್ನಲ್ಲಿರುವುದು ಅಷ್ಟೇ.

ಅಲ್ಲಿರುವುದು ನನ್ನ ತಂಗಿ ಮಂಗಳ. ಇಪ್ಪತ್ತಮೂರು ವರ್ಷದ ಹಿಂದೆ ಅವಳು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಮಾರುಕಟ್ಟೆಯಿಂದ ಬಂದ ಗೂಡಿನ ಎಳೆ ಎಷ್ಟು ಗಟ್ಟಿ ಎಂದು ನೋಡಿ ಬರೆದುಕೊಳ್ಳುವ ಕೆಲಸ. ಅಲ್ಲಿಗೆ ಹೊಸ ಯಂತ್ರ ಕೂರಿಸಲು ಇಟಲಿಯಿಂದ ಪಾವ್ಲೊ ಎಂಬ ಮೆಕ್ಯಾನಿಕ್ ಬಂದ. ಯಂತ್ರ ಓಡಲು ಶುರುವಾಗಿ ಎಷ್ಟೋ ತಿಂಗಳಾದರೂ ಅವನು ಹೊರಡಲಿಲ್ಲ. ಹೊರಟಾಗ ಮಂಗಳನೂ ಹೊರಟಳು. ನಮ್ಮದು ಕುರಿ ಸಾಕುವ, ಒಂದಿಷ್ಟು ರಾಗಿ ಹೊಲವಿರುವ ಮನೆ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ಅಪ್ಪ ಕುಲಸ್ತರ ಎದುರು ನಿಂತು, ‘ಇನ್ನು ಅವಳ ತಾವ ನನಗೆ ಮಾತಿಲ್ಲ’ ಎಂದುಬಿಟ್ಟ. ಸಾಯುವವರೆಗೂ ಆಡಲಿಲ್ಲ.

ಅಪ್ಪ ಹೋದ ವರ್ಷ ತೀರಿಕೊಂಡ. ಈ ವರ್ಷ ಮಂಗಳ ಟಿಕೆಟ್ ಕಳಿಸಿ, ‘ಒಂದ್ಸಲ ಬಂದೋಗಕ್ಕ’ ಎಂದಳು. ಎದುರಿಗೆ ಕೂತು ಅವಳಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿತ್ತು. ಶಾಲೆಗೆ ರಜೆ ಬಿಟ್ಟ ವಾರವೇ ಹೊರಟೆ.

ಮಿಲಾನ್

ವಿಮಾನ ಇಳಿದ ಮೇಲೆ ನನ್ನನ್ನು ತಡೆದದ್ದು ಹುರಿಹಿಟ್ಟು. ಅರಳಿಸಿದ ರಾಗಿಯ ಹಿಟ್ಟೆಂದರೆ ಮಂಗಳನಿಗೆ ಪ್ರಾಣ ಎಂದು ಒಂದು ಡಬ್ಬಿ ತುಂಬಿಕೊಂಡು ಹೋಗಿದ್ದೆ. ತಪಾಸಣೆಯ ಮೇಜಿನ ಹಿಂದಿದ್ದ ಹುಡುಗಿ ಡಬ್ಬಿ ತೆರೆದು ನೋಡಿ, ಮುಖ ಗಂಭೀರ ಮಾಡಿಕೊಂಡು, ಕೈಗವಸು ಹಾಕಿಕೊಂಡಳು. ಏನೋ ಕೇಳಿದಳು. ನನ್ನ ಇಂಗ್ಲಿಷ್ ಅವಳಿಗೆ ತಿಳಿಯಲಿಲ್ಲ, ಅವಳದ್ದು ನನಗೆ ತಿಳಿಯಲಿಲ್ಲ. ಕೊನೆಗೆ, ಇದು ತಿನ್ನುವ ಪದಾರ್ಥ ಎಂದು ತೋರಿಸಲು ನಾನೇ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಒಣಗಿದ ಗಂಟಲಿಗೆ ಹುರಿಹಿಟ್ಟು ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನೆತ್ತಿಗೆ ಹತ್ತಿ ಕೆಮ್ಮು ಬಂತು. ಹಿಟ್ಟು ಮೇಜಿನ ತುಂಬ ಹಾರಿತು. ಹುಡುಗಿ ಹೌಹಾರಿ, ಮೇಜು ಸುತ್ತಿಕೊಂಡು ಬಂದು, ತನ್ನದೇ ನೀರಿನ ಬಾಟಲಿ ಕೊಟ್ಟು ನನ್ನ ಬೆನ್ನು ತಟ್ಟಿದಳು.

ಉಸಿರು ತಿರುಗಿದ ಮೇಲೆ ನನಗೆ ನಗು ಬಂತು. ನನ್ನನ್ನು ನೋಡಿ ಅವಳೂ ನಕ್ಕಳು. ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಕೈಗೆ ಕೊಟ್ಟು, ಹೋಗಿ ಎಂದು ಸನ್ನೆ ಮಾಡಿದಳು. ಪರದೇಶದಲ್ಲಿ ನನ್ನನ್ನು ಮೊದಲು ಮುಟ್ಟಿದ್ದು ಆ ಕೈ.

ಜೆನೋವಾ

‘ಜೆನೋವಾದಾಗೆ ಇಳ್ಕೊ, ಪಾವ್ಲೊ ಬಂದಿರ್ತಾರೆ’ ಎಂದಿದ್ದಳು ಮಂಗಳ. ಅತ್ತೆ ಕಾಲು ಉಳುಕಿಸಿಕೊಂಡಿದ್ದರಿಂದ ಅವಳಿಗೆ ಮನೆ ಬಿಟ್ಟು ಬರುವಂತಿರಲಿಲ್ಲ. ಆ ಊರಿಗೆ ಎರಡು ದೊಡ್ಡ ರೈಲು ನಿಲ್ದಾಣಗಳಿವೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಮೊದಲನೆಯ ಬೋರ್ಡು ಕಂಡದ್ದೇ ಇಳಿದುಬಿಟ್ಟೆ. ಪಾವ್ಲೊ ಎರಡನೆಯದರಲ್ಲಿ ಕಾಯುತ್ತಿದ್ದ.

ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ. ನನ್ನ ಫೋನು ಅಲ್ಲಿ ಹತ್ತುತ್ತಿಲ್ಲವೆಂದು ಕಂಡು, ಮಂಗಳನ ನಂಬರು ಬರೆದಿದ್ದ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಫೋನಿನಿಂದ ಮಾತಾಡಿದ. ಆಮೇಲೆ ತನ್ನ ರೈಲು ಬಂದರೂ ಹತ್ತಲಿಲ್ಲ. ನನ್ನನ್ನು ಕರೆದುಕೊಂಡು ಹೋಗುವವರು ಬರುವ ತನಕ ಪಕ್ಕದಲ್ಲೇ ಕೂತ. ನಮ್ಮಲ್ಲಾದರೆ ಅಷ್ಟು ಹೊತ್ತು ಕೂತವರು ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಎಂದೆಲ್ಲ ಕೇಳಿ ಮುಗಿಸಿರುತ್ತಿದ್ದರು. ನಮ್ಮಿಬ್ಬರಿಗೂ ಭಾಷೆಯೇ ಇರಲಿಲ್ಲ.

ಅವನ ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಸೊಪ್ಪಿನ ಕಟ್ಟೊಂದಿತ್ತು. ಮಾಗಡಿ ಸಂತೆಯ ಕೊತ್ತಂಬರಿ ಕಟ್ಟಿನ ಹಾಗೆ ಬೇರುಸಮೇತ ಕಿತ್ತ ಎಳೆಯ ಗಿಡಗಳು. ಗಾಳಿ ಬೀಸಿದಾಗ ವಾಸನೆ ಬಂತು. ಕಾಮಕಸ್ತೂರಿ! ಇಟಲಿಯವರು ಅದನ್ನು ಬಾಸಿಲಿಕೊ ಅನ್ನುತ್ತಾರೆ. ನಮ್ಮಮ್ಮ ಕನಕಾಂಬರದ ನಡುನಡುವೆ ಸೇರಿಸಿ ಕಟ್ಟಿ ಮುಡಿಯುತ್ತಿದ್ದುದು ಅದನ್ನೇ. ಅಮ್ಮ ಸತ್ತು ಮೂವತ್ತು ವರ್ಷವಾಗುತ್ತ ಬಂತು. ಅವಳ ಜಡೆಯ ವಾಸನೆಯನ್ನು ಆ ಮುದುಕ ಮಧ್ಯಾಹ್ನದ ಅಡುಗೆಗೆಂದು ಮನೆಗೆ ಒಯ್ಯುತ್ತಿದ್ದ.

ಪಾವ್ಲೊ ಓಡುತ್ತಲೇ ಬಂದ. ತಲೆಗೂದಲೆಲ್ಲ ಉದುರಿತ್ತು. ರಾಮನಗರದ ಕೆಲಸಗಾರರಿಂದ ಕಲಿತ ಕನ್ನಡ ಮಾತ್ರ ಉದುರಿರಲಿಲ್ಲ.

‘ತಪ್ಪಾಯ್ತು ಅಕ್ಕಾ! ಒಸಿ ಲೇಟಾಗೋಯ್ತು. ಬನ್ನಿ, ಮೆಟ್ಲು ಐತೆ, ಹುಷಾರು.’

ಬೆಟ್ಟದೂರು, ಮೊದಲ ದಿನ

ಊರಿಗೆ ಊರೇ ಇಳಿಜಾರಿನ ಮೇಲೆ. ಕಲ್ಲುಗೋಡೆ ಕಟ್ಟಿ, ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿಗಳನ್ನು ಮಾಡಿಕೊಂಡಿದ್ದಾರೆ. ಸಾವನದುರ್ಗದ ಬುಡದ ಹೊಲಗಳಿಗೆ ಹಾಕಿದ ಬದುವನ್ನು ಎತ್ತಿ ನಿಲ್ಲಿಸಿದಂತೆ ಕಾಣುತ್ತದೆ. ದೂರದಲ್ಲಿ ಸಮುದ್ರ.

ಮಂಗಳ ಬಾಗಿಲಲ್ಲೇ ನಿಂತಿದ್ದಳು. ಇಪ್ಪತ್ತೈದರ ಹುಡುಗಿಯಾಗಿ ಹೋದವಳು. ಈಗ ಕೂದಲು ಕತ್ತರಿಸಿದ್ದಳು, ಅರ್ಧ ನರೆತಿತ್ತು. ಇಬ್ಬರೂ ಅಳುತ್ತೇವೆಂದುಕೊಂಡಿದ್ದೆ. ಅವಳು ನನ್ನ ಕಾಲು ನೋಡಿ, ‘ಅಯ್ಯೋ, ಊದ್ಕೊಂಡವಲ್ಲಕ್ಕ, ಬಿಸಿನೀರು ಕಾಯಿಸ್ತೀನಿ ಇರು’ ಎಂದು ಒಳಗೆ ಓಡಿದಳು.

ಅವಳ ಅತ್ತೆಗೆ ಎಂಬತ್ತು ದಾಟಿದೆ. ಹೆಸರು ತೆರೇಸಾ. ನಾನು ತೆರೇಸಮ್ಮ ಎಂದೆ, ಕೊನೆಯವರೆಗೂ ಹಾಗೇ ಕರೆದೆ. ಕಾಲು ಉಳುಕಿದ್ದರೂ ಕೋಲೂರಿಕೊಂಡು ನನ್ನನ್ನು ನೇರವಾಗಿ ಹಿತ್ತಲಿಗೆ ಕರೆದೊಯ್ದರು. ಎಣ್ಣೆಯ ಹಳೆ ಡಬ್ಬಗಳಲ್ಲಿ, ಒಡೆದ ಕುಂಡಗಳಲ್ಲಿ, ಗೋಡೆಯ ಸಂದಿಯಲ್ಲಿ ಎಲ್ಲೆಲ್ಲೂ ಗಿಡ. ಒಂದೊಂದರ ಎಲೆ ಚಿವುಟಿ, ಉಜ್ಜಿ, ನನ್ನ ಮೂಗಿಗೆ ಹಿಡಿಯುತ್ತಿದ್ದರು. ಬೂದುಬಣ್ಣದ ಎಲೆಯ ಸಾಲ್ವಿಯಾ. ಗೋಡೆಯಿಂದ ಇಳಿಬಿದ್ದ ರೋಸ್‌ಮರಿ. ಓಮದ ವಾಸನೆಯ ಒರೆಗಾನೊ. ಒಂದು ಸಣ್ಣೆಲೆಯ ಗಿಡವನ್ನು ಅವರು ತೋರಿಸುವ ಮೊದಲೇ ನಾನು ‘ಮರುಗ’ ಎಂದೆ. ಹೂವಿನ ಅಂಗಡಿಯಲ್ಲಿ ದವನದ ಪಕ್ಕ ಇಟ್ಟಿರುತ್ತಾರಲ್ಲ, ಅದೇ ಮರುಗ. ಒಂದು ಕುಡಿ ಕಿತ್ತು ಜಡೆಗೆ ಸಿಕ್ಕಿಸಿಕೊಂಡೆ.

ತೆರೇಸಮ್ಮ ಬಿದ್ದು ಬಿದ್ದು ನಕ್ಕರು. ಅವರು ಅದನ್ನು ಮಾಂಸಕ್ಕೆ ಹಾಕುವವರು. ನಮ್ಮಲ್ಲಿ ಯಾರಾದರೂ ಕರಿಬೇವು ಮುಡಿದು ಬಂದರೆ ನಾವೂ ಹಾಗೇ ನಗುತ್ತೇವೆ. ಮಾರನೆಯ ಬೆಳಗ್ಗೆ ನೋಡಿದರೆ ಅವರ ಬಿಳಿ ತುರುಬಿನಲ್ಲೂ ಒಂದು ಕುಡಿ ಇತ್ತು.

ಮೂರನೆಯ ದಿನ

ಮಧ್ಯಾಹ್ನ ಸಾಲ್ವಿಯಾ ಎಲೆಯ ಬಜ್ಜಿ ಮಾಡಿದರು. ಹೌದು, ಬಜ್ಜಿಯೇ. ಎಲೆಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದು. ದೊಡ್ಡಪತ್ರೆ ಬಜ್ಜಿ ತಿಂದವರಿಗೆ ಹೊಸದೇನಲ್ಲ. ನಾನು ಖಾರದಪುಡಿ ಇದೆಯೇ ಎಂದು ಕೇಳಿದ್ದಕ್ಕೆ ಪಾವ್ಲೊ, ‘ಅಮ್ಮನ ಮುಂದೆ ಕೇಳ್ಬೇಡಿ ಅಕ್ಕಾ, ಬೈತಾರೆ’ ಎಂದು ಪಿಸುಗುಟ್ಟಿದ.

ತಿನ್ನುತ್ತಿರುವಾಗ ತೆರೇಸಮ್ಮ ನನ್ನ ಕಡೆ ತಿರುಗಿ ಏನೋ ಕೇಳಿದರು. ಮಂಗಳ ತಾನೇ ಉತ್ತರ ಹೇಳಿದಳು. ಮುದುಕಿಗೆ ಸಮಾಧಾನವಾದ ಹಾಗೆ ಕಂಡಿತು. ಏನೆಂದು ನಾನು ಕೇಳಿದೆ.

‘ಬೀಜದ ವಿಚಾರ ಕಣಕ್ಕ,’ ಎಂದಳು ಮಂಗಳ. ‘ನಾನು ವರ್ಷವರ್ಷ ಕಳಿಸ್ತಿದ್ನಲ್ಲ, ಅವನ್ನ ಒಣಗಿಸಿ ಪೊಟ್ಟಣ ಕಟ್ಟಿ, ಮೇಲೆ ಎಲೆ ಚಿತ್ರ ಬರೀತಿದ್ದೋರು ಇವರೇ. ಬೀಗರ ಹಿತ್ತಲಾಗೆ ಬಂದ್ವಾ ಅಂತ ಪ್ರತಿ ವರ್ಷ ಕೇಳೋರು. ಎಲ್ಲಾ ಬಂದವೆ, ಅಪ್ಪನೇ ನೀರು ಹಾಕ್ತಾರೆ ಅಂತ ಹೇಳ್ಕೊಂಡು ಬಂದಿವ್ನಿ. ಈಗ್ಲೂ ಎಲ್ಲಾ ಬಂದಿದ್ವು ಅಂತ್ಲೇ ಹೇಳ್ದೆ. ಸುಳ್ಳು ಅಂತ ಗೊತ್ತು. ಆದ್ರೆ ಅಪ್ಪ ತಿಪ್ಪೆಗೆ ಎಸ್ದುಬುಡ್ತು ಅಂತ ಈ ವಯಸ್ಸಾದೋರಿಗೆ ಹೆಂಗೆ ಹೇಳ್ಲಿ, ನೀನೇ ಹೇಳು.’

ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ಇಟ್ಟೆ. ತೆರೇಸಮ್ಮ ನನ್ನ ತಟ್ಟೆಗೆ ಇನ್ನೆರಡು ಹಾಕಿದರು.

ಈ ನಡುವೆ, ಕುದೂರು

ಇಲ್ಲಿ ಒಮ್ಮೆ ಊರಿಗೆ ಹಿಂದಿರುಗಬೇಕು.

ಮೊದಲ ಲಕೋಟೆ ಬಂದದ್ದು ಮಂಗಳ ಹೋದ ಮರುವರ್ಷ, ಯುಗಾದಿ ಕಳೆದ ಮೇಲೆ. ಕಾಗದವಿರಲಿಲ್ಲ. ಪುಟ್ಟ ಪೊಟ್ಟಣಗಳು, ಮೇಲೆ ಎಲೆಯ ಚಿತ್ರ, ಮಂಗಳನ ಅಕ್ಷರದಲ್ಲಿ ಹೆಸರು. ನಾನು ಜಗಲಿಯ ಮೇಲೆ ಇಟ್ಟು ಶಾಲೆಗೆ ಹೋದೆ. ಸಂಜೆ ಬಂದಾಗ ಅಪ್ಪ ಹಿತ್ತಲಲ್ಲಿ ಮಣ್ಣು ಅಗೆಯುತ್ತಿದ್ದ.

ಅಪ್ಪನಿಗೆ ಓದು ಬಾರದು. ಚಿತ್ರ ನೋಡಿ, ನನ್ನಿಂದ ಹೆಸರು ಓದಿಸಿಕೊಂಡು ಬಿತ್ತಿದ. ಎಲ್ಲದಕ್ಕೂ ಕುರಿಹಿಕ್ಕೆಯ ಗೊಬ್ಬರ ಧಾರಾಳವಾಗಿ ಸುರಿದ. ಕಾಮಕಸ್ತೂರಿ ಎದ್ದು ನಿಂತಿತು. ಪಕ್ಕದ ಮನೆಯ ಹೆಂಗಸರು ಹೂವಿನ ಜೊತೆ ಕಟ್ಟಲು ಕೇಳಿ ಒಯ್ದರು. ಬಿತ್ತಿದ ಹತ್ತು ದಿನಕ್ಕೆ ಮೊದಲ ಮೊಳಕೆ ಕಂಡ ಬೆಳಗ್ಗೆಯೇ ಅಪ್ಪ ನನ್ನನ್ನು ಕೂಗಿ ತೋರಿಸಿದ್ದ.

‘ಅವಳು ಫೋನ್ ಗೀನ್ ಮಾಡಿದ್ರೆ ಹೇಳವ್ವಾ, ಬಂದವೆ ಅಂತ. ನಾನು ಹೇಳ್ದೆ ಅನ್ಬೇಡ. ಬಂದವೆ ಅಂತ ಅಷ್ಟೇ ಹೇಳು.’

ಮಂಗಳ ಫೋನ್ ಮಾಡಿದಳು. ‘ಬೀಜ ಬಂದ್ವಾ ಅಕ್ಕ? ಅಪ್ಪ ಏನಂತು?’ ಎಂದಳು.

‘ತಿಪ್ಪೆಗೆ ಎಸ್ದುಬುಡ್ತು,’ ಎಂದೆ ನಾನು.

ಯಾಕೆ ಹಾಗೆ ಹೇಳಿದೆನೆಂದು ಆಗ ಯಾರಾದರೂ ಕೇಳಿದ್ದರೆ ಸಿಟ್ಟು ಎನ್ನುತ್ತಿದ್ದೆ. ಸೋಲೂರಿನ ಕಡೆಯವರೊಬ್ಬರೊಂದಿಗೆ ನನಗೆ ಮಾತುಕತೆಯಾಗಿ, ಎಲೆಯಡಿಕೆ ಬದಲಾಯಿಸಿಕೊಂಡಿದ್ದೆವು. ಮಂಗಳ ಹೋದ ತಿಂಗಳಲ್ಲೇ ಅವರು ಬೇಡವೆಂದರು. ಆಮೇಲೆ ಬೇರೆ ಯಾರೂ ಬರಲಿಲ್ಲ. ಬೇಡವೆಂದದ್ದು ಅವರೇ ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ಒಂದು ಸಲ ನೋಯಿಸಬೇಕೆಂದು ಆಡಿದ ಮಾತು ಅದು. ಮುಂದಿನ ವರ್ಷ ತಿದ್ದಬಹುದಿತ್ತು. ಅಪ್ಪ ಪ್ರತಿ ವರ್ಷ ‘ಹೇಳಿದ್ಯೇನವ್ವಾ?’ ಎಂದು ಕೇಳುತ್ತಿದ್ದ, ನಾನು ‘ಹೂಂ’ ಎನ್ನುತ್ತಿದ್ದೆ. ಮಂಗಳ ಮತ್ತೆಂದೂ ಬೀಜದ ಮಾತೆತ್ತಲಿಲ್ಲ, ಆದರೆ ಲಕೋಟೆ ನಿಲ್ಲಿಸಲಿಲ್ಲ. ವರ್ಷಗಳು ಕಳೆದಷ್ಟೂ ಬಾಯಿಬಿಡುವುದು ಕಷ್ಟವಾಗುತ್ತ ಹೋಯಿತು.

ಎಂಟನೆಯ ದಿನ

ಐದು ದಿನ ಹೇಳುತ್ತೇನೆ, ಹೇಳುತ್ತೇನೆ ಎಂದುಕೊಂಡೇ ಕಳೆದೆ. ಬೆಳಗ್ಗೆ ಎದ್ದರೆ ಕಾಫಿ, ಕಾಫಿ ಆದರೆ ಹಿತ್ತಲು. ಊಟವಾದ ಮೇಲೆ ಹಾಲು ಹಾಕಿದ ಕಾಫಿ ಕೇಳಿ ಮನೆಯವರನ್ನೆಲ್ಲ ಗಾಬರಿಪಡಿಸಿದೆ. ಹಾಲಿನ ಕಾಫಿ ಅವರಿಗೆ ಬೆಳಗಿನದು ಮಾತ್ರ. ಬಾಸಿಲಿಕೊವನ್ನು ಬೆಳ್ಳುಳ್ಳಿ, ಎಣ್ಣೆ, ಚೀಸ್ ಹಾಕಿ ಕಲ್ಲಿನ ಒರಳಲ್ಲಿ ಅರೆಯುವಾಗ ನಾನು ನೀರು ಚಿಮುಕಿಸಲು ಹೋಗಿ ತೆರೇಸಮ್ಮನಿಂದ ಕೈಗೆ ಏಟು ತಿಂದೆ.

ಎಂಟನೆಯ ದಿನ ಮಂಗಳ ಎರಡನೆಯ ಬೆಳೆಗೆ ಬಾಸಿಲಿಕೊ ಬಿತ್ತುತ್ತಿದ್ದಳು. ಕುಂಡದ ಮಣ್ಣಿನಲ್ಲಿ ಬೆರಳಿಂದ ಗುಳಿ ಮಾಡಿ ಒಂದೊಂದೇ ಕಾಳು ಒತ್ತುತ್ತಿದ್ದಳು. ನಾನು ಪಕ್ಕದಲ್ಲಿ ಕಳೆ ಕೀಳುತ್ತಿದ್ದೆ. ಯೋಚನೆ ಎಲ್ಲೋ ಇತ್ತು.

‘ಅಷ್ಟು ಆಳಕ್ಕೆ ಹಾಕ್ಬೇಡ ಕಣೆ, ಉಸ್ರು ಕಟ್ತದೆ,’ ಎಂದೆ. ‘ಮೇಲೆ ಉದುರ್ಸಿ ಅಂಗೈ ಆಡಿಸಿದ್ರೆ ಸಾಕು. ಅಪ್ಪ ಹಂಗೇ ಮಾಡ್ತಿದ್ದಿದ್ದು.’

ಅವಳ ಬೆರಳು ಮಣ್ಣಿನಲ್ಲೇ ನಿಂತಿತು.

‘ಅಪ್ಪ ಇದನ್ನ ಯಾವಾಗ ಬಿತ್ತಿತ್ತು?’

ಸುಳ್ಳು ಹೇಳುವುದು ನನಗೆ ಅಭ್ಯಾಸವಾಗಿತ್ತು. ಬೇರೆ ಯಾವುದೋ ಸೊಪ್ಪು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಅವಳ ಮುಖವಿತ್ತು.

‘ಪ್ರತಿ ವರ್ಷ,’ ಎಂದೆ. ‘ಎಲ್ಲಾನೂ ಬಿತ್ತಿತ್ತು ಮಂಗಳ. ಒಂದು ಕಾಳೂ ತಿಪ್ಪೆಗೆ ಹೋಗ್ಲಿಲ್ಲ. ಬಂದವೆ ಅಂತ ನಿನಗೆ ಹೇಳು ಅಂತ ನನಗೇ ಹೇಳಿತ್ತು. ನಾನು ಹೇಳ್ಲಿಲ್ಲ.’

ಅವಳು ಕೂಗಾಡಲಿಲ್ಲ. ಕುಂಡದ ಮಣ್ಣಿನಿಂದ ಬೆರಳು ತೆಗೆದಳು. ಆಮೇಲೆ ಮೆಲ್ಲಗೆ, ‘ಎಸೀತದೆ ಅಂತ ಗೊತ್ತಿದ್ದೂ ಕಳಿಸ್ತಿದ್ದೆ. ಎಸೆಯೋಕಾದ್ರೂ ಒಂದ್ಸಲ ಕೈಯಾಗೆ ಹಿಡೀತದಲ್ಲ, ಅಷ್ಟು ಸಾಕು ಅಂತ’ ಎಂದಳು. ಎದ್ದು ಕೈ ತೊಳೆದು ಒಳಗೆ ಹೋದಳು.

ಒಂಬತ್ತು, ಹತ್ತು

ಎರಡು ದಿನ ಮಂಗಳ ನನ್ನೊಂದಿಗೆ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು. ಬಿಸಿನೀರು ಬರುತ್ತಿತ್ತು. ಪಾವ್ಲೊ ನಮ್ಮಿಬ್ಬರ ಮುಖ ನೋಡಿ, ಹವಾಮಾನದ ವಿಚಾರ ಮಾತಾಡಿ ಕೆಲಸಕ್ಕೆ ಹೋಗುತ್ತಿದ್ದ. ಟಿಕೆಟ್ ಬದಲಾಯಿಸಿಕೊಂಡು ಹೊರಟುಬಿಡಲೇ ಎಂದು ಒಮ್ಮೆ ಯೋಚಿಸಿದೆ.

ತೆರೇಸಮ್ಮ ಏನನ್ನೂ ಕೇಳಲಿಲ್ಲ. ನನ್ನನ್ನು ಹೊರಗೆ ಕೂರಿಸಿಕೊಂಡು ತೊಡೆಯ ಮೇಲೆ ಒಂದು ಬುಟ್ಟಿ ಇಟ್ಟರು. ಅಲ್ಲಿನ ದಪ್ಪ ಹಸಿರು ಕಾಯಿ, ಸುಲಿದರೆ ಅವರೆಕಾಳಿನಂಥದೇ ಕಾಳು. ನಾನು ಅಭ್ಯಾಸಬಲದಿಂದ ಕಾಳನ್ನು ಹಿತುಕಿ ಮೇಲಿನ ಸಿಪ್ಪೆ ತೆಗೆದೆ. ಅವರೂ ಹಾಗೇ ಹಿತುಕಿ ತೋರಿಸಿದರು. ಮಾಗಿಯ ಚಳಿಯಲ್ಲಿ ಅಮ್ಮ, ಮಂಗಳ, ನಾನು ಮೊರದ ಸುತ್ತ ಕೂತು ಅವರೆ ಹಿತುಕುತ್ತಿದ್ದದ್ದು ನೆನಪಾಯಿತು. ಮಂಗಳನ ಕೈಗಿಂತ ಬಾಯಿಗೇ ಹೆಚ್ಚು ಕೆಲಸವಿರುತ್ತಿತ್ತು. ನನ್ನ ಕಣ್ಣು ತುಂಬಿತು. ತೆರೇಸಮ್ಮ ನನ್ನದೇ ಸೆರಗಿನ ತುದಿ ಎತ್ತಿ ನನ್ನ ಕೈಗೆ ಕೊಟ್ಟರು, ಒರೆಸಿಕೋ ಎಂದು. ಸೀರೆ ಯಾವುದಕ್ಕೆಲ್ಲ ಬರುತ್ತದೆಂದು ಅಷ್ಟು ದಿನದಲ್ಲಿ ನೋಡಿಕೊಂಡಿದ್ದರು.

ಹನ್ನೊಂದನೆಯ ದಿನ

ಬೆಳಗ್ಗೆ ನಾನು ಪಾತಿಗೆ ನೀರು ಹಾಕುತ್ತಿದ್ದಾಗ ಮಂಗಳ ಬಂದು ಕಲ್ಲುಗೋಡೆಯ ಮೇಲೆ ಕೂತಳು.

‘ಯಾಕೆ ಹಂಗೆ ಮಾಡ್ದೆ?’ ಎಂದಳು.

ಸೋಲೂರಿನವರ ವಿಷಯ ಹೇಳಿದೆ. ಅವಳು ಕಣ್ಣು ಬಿಟ್ಟುಕೊಂಡು ಕೇಳಿದಳು.

‘ನಿನಗೇ ಮದುವೆ ಬ್ಯಾಡವಾಗಿತ್ತು ಅಂತ ಅಂದ್ಕೊಂಡಿದ್ದೆ,’ ಎಂದಳು. ‘ಒಂದು ಮಾತು ಬೈಬಾರ್ದಿತ್ತಾ? ಫೋನಲ್ಲೇ ಬೈದು ಬುಟ್ಟಿದ್ರೆ ಆಗ್ತಿತ್ತಲ್ಲ.’

‘ಬೈಯೋಕೆ ಬರ್ಲಿಲ್ಲ. ಇದು ಬಂತು.’

ತೆರೇಸಮ್ಮ ಕೋಲೂರಿಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಮಂಗಳ ನನ್ನ ಕಡೆ ತಿರುಗಿ, ‘ಈಗ ಹೇಳು,’ ಎಂದಳು. ‘ಮೊದಲನೇ ವರ್ಷದಿಂದ ಹೇಳು. ಯಾವ್ದು ಬಂತು, ಯಾವ್ದು ಬರ್ಲಿಲ್ಲ, ಎಲ್ಲಾ.’

ಹೇಳಿದೆ. ನೀರಿನ ಕ್ಯಾನು ಕೈಯಲ್ಲೇ ಇತ್ತು. ಕಾಮಕಸ್ತೂರಿ ಮೊದಲನೆಯ ಸಲವೇ ಬಂದದ್ದು, ಸಾಲ್ವಿಯಾ ಪ್ರತಿ ಮಳೆಗಾಲ ಕೊಳೆತು ಹೋಗುತ್ತಿದ್ದದ್ದು. ಪಾರ್ಸ್ಲಿ ಒಂದು ತಿಂಗಳಾದರೂ ಮೊಳೆಯದೆ, ಅಪ್ಪ ಸಿಟ್ಟಿಗೆದ್ದು ಗುದ್ದಲಿ ತಂದ ದಿನವೇ ತಲೆ ಎತ್ತಿದ್ದು. ‘ಕೊತ್ತಂಬರಿ ಕಣವ್ವಾ ಇದು, ವಾಸ್ನೆ ಮರ್ತು ಬಂದದೆ’ ಎಂದು ಅಪ್ಪ ಅಂದದ್ದು. ಥೈಮಿನ ಬೀಜ ತೀರ ಸಣ್ಣದೆಂದು ಎಳ್ಳು ಬಿತ್ತುವ ಹಾಗೆ ಮರಳಿನ ಜೊತೆ ಕಲಸಿ ಎರಚಿದ್ದು. ಒರೆಗಾನೊ ಎಲೆಯನ್ನು ನೆಗಡಿಗೆಂದು ಬಿಸಿನೀರಿಗೆ ಹಾಕಿ ಕುಡಿದದ್ದು. ಮಂಗಳ ಒಂದೊಂದನ್ನೂ ಇಟಾಲಿಯನ್ನಿಗೆ ತಿರುಗಿಸಿ ಹೇಳುತ್ತಿದ್ದಳು. ಅತ್ತೆಗೆ ಅವಳು ಅಷ್ಟು ವರ್ಷ ಹೇಳಿಕೊಂಡು ಬಂದದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು, ತಿದ್ದುವುದಕ್ಕೆ ಹೆಚ್ಚೇನೂ ಇರಲಿಲ್ಲ. ತೆರೇಸಮ್ಮ ನಡುನಡುವೆ ತಲೆ ಆಡಿಸುತ್ತ ತಪ್ಪು ಹಿಡಿಯುತ್ತಿದ್ದರು. ಸಾಲ್ವಿಯಾಕ್ಕೆ ಅಷ್ಟು ನೀರು ಹಾಕಿದರೆ ಇನ್ನೇನಾಗುತ್ತದೆ ಎಂದರು.

ಪಾರ್ಸ್ಲಿಯ ವಿಷಯಕ್ಕೆ ಅಪ್ಪ ಅಂದ ಮಾತನ್ನು ಮಂಗಳ ಅಪ್ಪನ ದನಿಯಲ್ಲೇ, ಅವನ ಹಾಗೇ ಮೂಗು ಸೇದಿ ಹೇಳಿದಳು. ಮುದುಕಿ ನಕ್ಕರು. ನಾವಿಬ್ಬರೂ ನಕ್ಕೆವು. ಅಪ್ಪ ಸತ್ತ ಮೇಲೆ ಅಪ್ಪನ ವಿಷಯಕ್ಕೆ ನಾನು ನಕ್ಕದ್ದು ಅದೇ ಮೊದಲು.

‘ರೋಸ್‌ಮರಿ?’ ಎಂದು ತೆರೇಸಮ್ಮ ಕೇಳಿದರು. ಆ ಹೆಸರು ನನಗೂ ತಿಳಿಯಿತು.

‘ಮೂರು ವರ್ಷ ಬರ್ಲೇ ಇಲ್ಲ,’ ಎಂದೆ. ‘ಗೊಬ್ಬರ ಜಾಸ್ತಿ ಆಗಿತ್ತು. ನಾಕನೇ ವರ್ಷ ಅಪ್ಪ ಗೊಬ್ಬರ ಬುಟ್ಟು, ಗರಸುಮಣ್ಣು ತಂದು ಹಾಕ್ತು. ಎರಡು ಸಸಿ ಬಂದ್ವು. ಒಂದನ್ನ ಕುರಿ ತಿಂತು. ಇನ್ನೊಂದು ಬಚ್ಚಲ ಗೋಡೆ ಹತ್ರ ಈಗ್ಲೂ ಐತೆ.’

‘ಎಷ್ಟೆತ್ತರ ಆಗದೆ ಅಂತ ಕೇಳ್ತಾವ್ರೆ.’

‘ನನ್ನೆತ್ತರ.’

ಮಂಗಳ ಗೋಡೆಯಿಂದ ಇಳಿದು ಬಂದಳು. ಅತ್ತೆಗೆ ಅಂದಾಜು ಸಿಗಲೆಂದು ಅಂಗೈಯನ್ನು ಚಪ್ಪಟೆಯಾಗಿ ನನ್ನ ನೆತ್ತಿಯ ಮೇಲೆ ಇಟ್ಟು, ಇಷ್ಟು ಎಂದು ತೋರಿಸಿದಳು. ತೆರೇಸಮ್ಮ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆದೂಗಿ ಬೇರೆ ಕಡೆ ತಿರುಗಿದರು. ಮಂಗಳ ಕೈ ತೆಗೆಯಲಿಲ್ಲ.